ಹೊಸ ಬೈಕು ಟಿಕ್ ಟಿಕ್ ಅನ್ನುತ್ತಿದೆ, ಸಾರ್!

ಪ್ರಶ್ನೆ: ನಾನು ಮಿರ್ಜಾನಿನವನು, ಕೆಲಸ ಶಿರಸಿಯಲ್ಲಿ, ವಾರಕ್ಕೊಮ್ಮೆ ಊರಿಗೆ ಬರುತ್ತೇನೆ. ಹತ್ತು ವರ್ಷ ಅಪ್ಪನ ಸ್ಪ್ಲೆಂಡರ್ ಓಡಿಸಿದೆ. ಮೂರು ವಾರದ ಹಿಂದೆ ಸಾಲ ಮಾಡಿ 350 ಸಿಸಿಯ ಹೊಸ ಬೈಕು ತಗೊಂಡೆ. ಮೊದಲ ಎರಡು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ, ಎದ್ದೆದ್ದು ಅಂಗಳಕ್ಕೆ ಹೋಗಿ ನೋಡಿದೆ. ಈಗ ಚಿಂತೆಗೆ ನಿದ್ದೆ ಇಲ್ಲ. ಬೈಕು ಭಾರ. ಕುಮಟಾ ಪೇಟೆಯಲ್ಲಿ ನಿಂತರೆ ಕಾಲಿಗೆ ಬಿಸಿ. ಆಫ್ ಮಾಡಿದ ಮೇಲೆ ಟಿಕ್ ಟಿಕ್ ಸದ್ದು. ಮೊದಲ ದಿನ ಸೈಲೆನ್ಸರ್ ಪೈಪಿನ ಮೇಲಿಂದ ಹೊಗೆ ಬಂತು. ಮೈಲೇಜ್ 25 ದಾಟುತ್ತಿಲ್ಲ. ಒಮ್ಮೆ ಜೋರಾಗಿ ಬ್ರೇಕ್ ಹಿಡಿದಾಗ ಕೈಯಲ್ಲಿ ಕಟಕಟ ಅಂತು. ಹೊಸ ಇಂಜಿನ್ ಪಳಗಿಸುವ ರನ್ನಿಂಗ್ ಇನ್ ಅಂದ್ರೆ 40ರಲ್ಲೇ ಹೋಗಬೇಕಾ? ಹಾಗಾದರೆ ದೇವಿಮನೆ ಘಟ್ಟ ಹತ್ತುವುದು ಹೇಗೆ? ಅಪ್ಪ ‘ನಮ್ಮ ಸ್ಪ್ಲೆಂಡರೇ ಸೈ’ ಅಂತಾರೆ. ನಾನು ಮೋಸ ಹೋದೆನಾ?

ಉತ್ತರ: ಇಲ್ಲ, ಹೋಗಿಲ್ಲ. ಯಾವ ಬೈಕು ಅಂತ ನೀವು ಬರೆದಿದ್ದೀರಿ, ನಾನು ಹೆಸರು ಹಾಕುತ್ತಿಲ್ಲ, ಯಾಕೆಂದರೆ ಯಾವ ಕಂಪನಿಯದಾದರೂ ಉತ್ತರ ಇದೇ. ನಿಮ್ಮ ಪಟ್ಟಿಯಲ್ಲಿರುವ ಯಾವುದೂ ರೋಗ ಅಲ್ಲ. ಅರ್ಧ ಹೊಸ ಲೋಹದ ಗುಣ, ಉಳಿದರ್ಧ ಸ್ಪ್ಲೆಂಡರಿನ ಅಭ್ಯಾಸ.

ಟಿಕ್ ಟಿಕ್ ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಾರೆ. ಓಡುವಾಗ ಇಂಜಿನ್, ಸೈಲೆನ್ಸರ್ ಎಲ್ಲ ಕಾದು ಹಿಗ್ಗಿರುತ್ತವೆ. ಆಫ್ ಮಾಡಿದ ಮೇಲೆ ತಣಿದು ಕುಗ್ಗುತ್ತವೆ, ಒಂದೊಂದು ಭಾಗ ಒಂದೊಂದು ವೇಗದಲ್ಲಿ. ಆ ಸದ್ದು ಅದು. ಬಿಸಿಲು ಇಳಿದ ಮೇಲೆ ತಗಡಿನ ಮಾಡು ಟಕ್ ಅನ್ನುವುದಿಲ್ವಾ, ಹಾಗೇ. ಮೊದಲ ದಿನದ ಹೊಗೆಯೂ ಅಷ್ಟೇ. ತುಕ್ಕು ಹಿಡಿಯದಿರಲಿ ಅಂತ ಸವರಿದ ಎಣ್ಣೆ, ಜೋಡಿಸಿದವರ ಕೈ ಜಿಡ್ಡು, ಎಲ್ಲ ಆ ಬಿಸಿಗೆ ಸುಟ್ಟು ಹೋಗುತ್ತದೆ. ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ನಿಲ್ಲದೇ ಸೈಲೆನ್ಸರಿನ ಬಾಯಿಯಿಂದ ನೀಲಿ ಹೊಗೆ ಬರುತ್ತಿದ್ದರೆ ಮಾತ್ರ ಸರ್ವೀಸಿನವರ ಹತ್ತಿರ ಹೋಗಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಲ್ಲಿಂದ ನೀರಿನ ಹನಿ ಬಿದ್ದರೆ ಹೆದರಬೇಡಿ. ಪೆಟ್ರೋಲ್ ಉರಿದಾಗ ಹುಟ್ಟುವ ಆವಿ ತಣ್ಣನೆಯ ಪೈಪಿಗೆ ತಾಗಿ ನೀರಾಗುತ್ತದೆ.

ಭಾರದ ವಿಷಯ. ಸ್ಪ್ಲೆಂಡರ್ 112 ಕೆಜಿ, ನಿಮ್ಮದು 195. ಒಬ್ಬ ಆಳನ್ನು ಹೆಚ್ಚಿಗೆ ಹೊತ್ತುಕೊಂಡ ಹಾಗೆ. ಹೊರಟ ಮೇಲೆ ಭಾರ ಗೊತ್ತೇ ಆಗುವುದಿಲ್ಲ, ನಿಲ್ಲಿಸುವಾಗ, ತಿರುಗಿಸುವಾಗ, ತಳ್ಳುವಾಗ ಗೊತ್ತಾಗುತ್ತದೆ. ನನ್ನ ಕತೆ ಕೇಳಿ. ಬೈಕು ತಂದ ಮೂರನೇ ದಿನ. ಮುಂದಿನ ಚಕ್ರಕ್ಕೆ ಹಾಕಿದ್ದ ಹೂವಿನ ಮಾಲೆ ಇನ್ನೂ ಪೂರ್ತಿ ಬಾಡಿರಲಿಲ್ಲ. ಶಿರಸಿ ದೇವಿಕೆರೆ ಹತ್ತಿರ ಚಾ ಕುಡಿಯೋಣ ಅಂತ ಇಳಿಜಾರಿನಲ್ಲಿ, ಮೂತಿ ಕೆಳಕ್ಕೆ ಮಾಡಿ, ನ್ಯೂಟ್ರಲ್‌ನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದೆ. ಎರಡು ಹೆಜ್ಜೆ ನಡೆದಿಲ್ಲ, ಬೈಕು ಮೆಲ್ಲಗೆ ಒಂದು ಗೇಣು ಮುಂದೆ ಹೋಯಿತು, ಸ್ಟ್ಯಾಂಡ್ ಮಡಚಿಕೊಂಡಿತು, ಮಲಗೇಬಿಟ್ಟಿತು. ಹೋಟೆಲಿನಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಕ್ರ್ಯಾಶ್ ಗಾರ್ಡಿನ ಮೇಲೆ ಆ ಗೀರು ಇವತ್ತಿಗೂ ಇದೆ. ಆದ್ದರಿಂದ ಇಳಿಜಾರಿನಲ್ಲಿ ಮೂತಿ ಏರಿನ ಕಡೆ ಇರಲಿ, ಫಸ್ಟ್ ಗೇರ್ ಹಾಕಿ ಇಳಿಯಿರಿ. ಮಳೆಗಾಲದಲ್ಲಿ ಅಂಗಳದ ಮಣ್ಣು ಮೆತ್ತಗಾಗಿ ಸ್ಟ್ಯಾಂಡ್ ಒಳಗಿಳಿಯುತ್ತದೆ. ಒಂದು ಹಂಚಿನ ತುಂಡು ಅದರ ಕೆಳಗೆ ಇಟ್ಟರೆ ಸಾಕು. ಮತ್ತೆ, ತೆಂಗಿನ ಮರದ ಬುಡದಲ್ಲಿ ನಿಲ್ಲಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳಬೇಕಾಗಿಲ್ಲ, ಆದರೂ ದಿನಾ ನೋಡುತ್ತೇನೆ.

ಬಿಸಿಗೆ ಏನೂ ಮಾಡುವ ಹಾಗಿಲ್ಲ. ದೊಡ್ಡ ಇಂಜಿನ್, ತಣಿಸುವುದು ಗಾಳಿ. ಪೇಟೆಯಲ್ಲಿ ನಿಂತರೆ ಗಾಳಿ ಎಲ್ಲಿಂದ ಬರಬೇಕು? ಹೊಸದರಲ್ಲಿ ಒಳಗೆ ತಿಕ್ಕಾಟ ಜಾಸ್ತಿ ಇರುವುದರಿಂದ ಇನ್ನೊಂಚೂರು ಬಿಸಿ. ಕತಗಾಲ ದಾಟಿ ಕಾಡು ಶುರುವಾದರೆ ಕಾಲಿನ ನೆನಪೇ ಇರುವುದಿಲ್ಲ.

ಇನ್ನು ರನ್ನಿಂಗ್ ಇನ್. 40ರಲ್ಲೇ ಹೋಗಬೇಕು ಅಂತ ಹೇಳಿದವರು ಯಾರೋ, ಹಳೆ ಕಾಲದವರಿರಬೇಕು. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಸರಿಯಾಗಿ ಕೂರಬೇಕು, ಅದಕ್ಕೇ ಇಷ್ಟೆಲ್ಲ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋದರೆ ಅವು ಚೆನ್ನಾಗಿ ಕೂರುವುದಿಲ್ಲ. ವೇಗ ಏರುತ್ತಾ ಇಳಿಯುತ್ತಾ ಇರಬೇಕು, ಗೇರು ಬದಲಾಗುತ್ತಾ ಇರಬೇಕು. ಪೂರ್ತಿ ಎಕ್ಸಲರೇಟರ್ ತಿರುಚಬಾರದು. ಟಾಪ್ ಗೇರಿನಲ್ಲಿ ಇಂಜಿನ್ ಡುಗುಡುಗು ಅಂತ ಒದ್ದಾಡುವ ಹಾಗೂ ಎಳೆಯಬಾರದು, ಎರಡನೆಯದನ್ನು ಜನ ಮರೆಯುತ್ತಾರೆ. ಹಾಗೆ ನೋಡಿದರೆ ರನ್ನಿಂಗ್ ಇನ್‌ಗೆ ಹೈವೇಗಿಂತ ದೇವಿಮನೆ ಘಟ್ಟವೇ ಒಳ್ಳೆಯದು. ತಿರುವು ಬಂದಾಗ ಗೇರು ಇಳಿಸಿ, ಇಂಜಿನ್ ಹಗುರಾಗಿ ತಿರುಗಲಿ, ಮುಂದೆ ಲಾರಿ ಸಿಕ್ಕರೆ ಸುಮ್ನೆ ಹಿಂದೆ ಹೋಗಿ. ಎಷ್ಟು ವೇಗ, ಎಷ್ಟು ಕಿಲೋಮೀಟರಿನ ತನಕ ಅಂತ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ನೀವು ಓದಿ. ಮೊದಲ ಸರ್ವೀಸ್ ಹೆಚ್ಚಿನ ಬೈಕುಗಳಿಗೆ 500 ಕಿ.ಮೀ. ಸುಮಾರಿಗೆ ಬರುತ್ತದೆ. ಅದನ್ನು ಮುಂದೂಡಬೇಡಿ, ಆ ಆಯಿಲಿನಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಸರ್ವೀಸ್ ಫ್ರೀ ಅಂದರೆ ಮಜೂರಿ ಫ್ರೀ, ಆಯಿಲಿಗೆ ದುಡ್ಡು ತಗೊಂಡು ಹೋಗಿ.

ಹೊಸ ಟೈರಿನ ಮೇಲೆ ಮೇಣದ ಹಾಗೆ ಜಾರುವ ಪದರ ಇರುತ್ತದೆ. ಮೊದಲ ನೂರು ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ಜಾಸ್ತಿ ವಾಲಬಾರದು. ನಿಮ್ಮದು ಆ ಗಡಿ ದಾಟಿದೆ, ಬಿದ್ದಿಲ್ಲ, ಅಡ್ಡಿಲ್ಲ.

ಈಗ ಘಟ್ಟ ಇಳಿಯುವ ಮಾತು. ನೀವು ಇದನ್ನು ಕೇಳಿಲ್ಲ, ಆದರೆ ಸ್ಪ್ಲೆಂಡರ್ ಓಡಿಸಿದವರು ಅಂದ ಕೂಡಲೇ ನನಗೆ ಅನುಮಾನ ಬಂತು. ದೇವಿಮನೆಯಿಂದ ನ್ಯೂಟ್ರಲ್ ಹಾಕಿ, ಕೆಲವರು ಆಫ್ ಮಾಡಿಯೂ, ಪೆಟ್ರೋಲ್ ಉಳಿಯಿತು ಅಂತ ಕತಗಾಲದ ತನಕ ಜಾರಿಕೊಂಡು ಬರುವುದು ನಮ್ಮ ಕಡೆ ಹಳೇ ಚಟ. ನಾನೂ ಮಾಡಿದ್ದೇನೆ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ಮಿತಿಯ ನಿಯಮ ಬಂದ ಮೇಲೆ ಈ ಬೈಕುಗಳಲ್ಲೆಲ್ಲ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಗೇರಿನಲ್ಲಿದ್ದು ಎಕ್ಸಲರೇಟರ್ ಪೂರ್ತಿ ಬಿಟ್ಟು ಇಳಿದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ಹಾಕಿದಿರೋ, ಇಂಜಿನ್ ನಿಲ್ಲಬಾರದು ಅಂತ ಅದು ಪೆಟ್ರೋಲ್ ಕುಡಿಯಲೇಬೇಕು. ಅಂದರೆ ಉಳಿಸಲು ಹೋಗಿ ಖರ್ಚು ಮಾಡಿದ ಹಾಗೆ. ಮೇಲಿಂದ 195 ಕೆಜಿಯನ್ನು ತಡೆಯುವ ಕೆಲಸ ಬರೀ ಬ್ರೇಕಿನ ತಲೆಗೆ ಬೀಳುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಸುಮಾರು ಅದೇ ಗೇರಿನಲ್ಲಿ ಇಳಿಯಿರಿ.

ಬ್ರೇಕಿನ ಕಟಕಟ ಅಂದರೆ ಎಬಿಎಸ್. ಒದ್ದೆ ರಸ್ತೆಯಲ್ಲೋ ಉಸುಕಿನ ಮೇಲೋ ಜೋರಾಗಿ ಹಿಡಿದಿರಬೇಕು. ಚಕ್ರ ಲಾಕ್ ಆಗದಂತೆ ಅದು ಬಿಟ್ಟು ಹಿಡಿದು ಮಾಡುತ್ತದೆ, ಕೈಗೆ ಹಾಗೆ ಗೊತ್ತಾಗುತ್ತದೆ. ಆಗ ಹೆದರಿ ಬ್ರೇಕ್ ಬಿಡಬೇಡಿ, ಹಿಡಿದೇ ಇರಿ. ಬರೀ ಹಿಂದಿನ ಬ್ರೇಕ್ ಒತ್ತುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನದರಲ್ಲಿ.

ಮೈಲೇಜ್ 25 ಅಂತ ಹೇಗೆ ಲೆಕ್ಕ ಹಾಕಿದಿರಿ? ಮೀಟರಿನ ಕಡ್ಡಿ ನೋಡಿ, ಅಲ್ವಾ? ಹಾಗೆ ಆಗುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಖಾಲಿಯಾಗುತ್ತಾ ಬಂದಾಗ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ನನ್ನದು ಎರಡನೇ ಸರ್ವೀಸ್ ಆದ ಮೇಲೆ 412 ಕಿ.ಮೀ.ಗೆ 12.1 ಲೀಟರ್ ಹಿಡಿಯಿತು, 34 ಬಂತು. ಅದರಲ್ಲಿ ಅರ್ಧ ಘಟ್ಟವೇ. ಸ್ಪ್ಲೆಂಡರಿನ ಮೈಲೇಜ್ ಮಾತ್ರ ಕನಸಿನಲ್ಲೂ ಬರುವುದಿಲ್ಲ, ಆ ವಿಷಯದಲ್ಲಿ ಅಪ್ಪ ಹೇಳಿದ್ದೇ ನಿಜ. ಅವರನ್ನು ಒಮ್ಮೆ ಹಿಂದೆ ಕೂರಿಸಿಕೊಂಡು ಹೊನ್ನಾವರದ ಶರಾವತಿ ಸೇತುವೆ ತನಕ ಹೋಗಿ ಬನ್ನಿ. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲದಿದ್ದರೆ ಮೊದಲು ತೆಗೆಯಿರಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಅವರು ಜಾರಿ ನಿಮ್ಮ ಬೆನ್ನಿಗೆ ಬಂದು ಗುದ್ದುತ್ತಾರೆ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. 125 ಸಿಸಿ ಬೈಕು ತಗೊಂಡು ಎರಡು ತಿಂಗಳಾಗಿಲ್ಲ, ನಟ್ಟು ಬೋಲ್ಟಿನ ಮೇಲೆ, ಚೈನಿನ ಮೇಲೆ ಕೆಂಪು ತುಕ್ಕು. ಶೋರೂಮಿನಲ್ಲಿ ಕೇಳಿದರೆ ‘ಕಡಲ ಹತ್ತಿರ ಹಾಗೇ ಮೇಡಂ’ ಅಂದರು. ಹೊಸ ಬೈಕಿಗೆ ಹೀಗಾದರೆ ಹೇಗೆ?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ, ಆದರೆ ಏನು ಮಾಡಬೇಕು ಅಂತಲೂ ಹೇಳಬಹುದಿತ್ತು. ಗಾಳಿಯಲ್ಲಿ ಉಪ್ಪು ಇದೆ. ಅದು ಲೋಹದ ಮೇಲೆ ಕೂತು ನೀರಿನಂಶ ಎಳೆದುಕೊಂಡು ತುಕ್ಕನ್ನು ಬೇಗ ತರುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯಿರಿ. ಮನೆ ಬಾವಿ ನೀರು ಸವಳು ಇದ್ದರೆ ಅದು ಬೇಡ, ಉಪ್ಪು ತೊಳೆಯಲು ಹೋಗಿ ಉಪ್ಪೇ ಹಚ್ಚಿದ ಹಾಗಾಗುತ್ತದೆ. ಬಕೆಟ್, ಮಗ್ಗು, ಹಳೇ ಬನಿಯನ್ ಬಟ್ಟೆ ಸಾಕು, ಜೋರು ಪಂಪಿನ ನೀರನ್ನು ಚಕ್ರದ ಬೇರಿಂಗಿಗೆ ಹೊಡೆಸಬೇಡಿ. ಒಣಗಿದ ಮೇಲೆ ಬೋಲ್ಟುಗಳಿಗೆ ಎಣ್ಣೆ ಬಟ್ಟೆ ಸವರಿ. ಬ್ರೇಕಿನ ಡಿಸ್ಕಿಗೆ, ಟೈರಿಗೆ ಎಣ್ಣೆ ತಾಗಬಾರದು, ಇದು ಬಾಳಾ ಮುಖ್ಯ.

ಚೈನಿಗೆ ನಾನು ಮಾಡುವುದು ಹೀಗೆ. ಮೇನ್ ಸ್ಟ್ಯಾಂಡ್ ಹಾಕಿ, ಕೆಳಗೆ ಹಳೇ ಪೇಪರ್ ಹಾಸಿ, ಹಲ್ಲುಜ್ಜಿ ಬಿಸಾಡುವ ಬ್ರಶ್ಶಿನಿಂದ ಸೀಮೆಎಣ್ಣೆ ಹಚ್ಚಿ ತಿಕ್ಕುತ್ತೇನೆ. ಕಪ್ಪು ಕೆಸರು ಇಳಿಯುತ್ತದೆ. ಒರೆಸಿ, ಒಣಗಲು ಬಿಟ್ಟು, ಆಮೇಲೆ ಚೈನ್ ಲೂಬ್. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಬಟ್ಟೆ ಹಿಡಿದವರ ಬೆರಳು ಹೋಗಿದೆ. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ. ರಾತ್ರಿ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಬೇಡಿ, ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ. ಜಗಲಿಯ ಪಕ್ಕ ಗಾಳಿಯಾಡುವ ಕಡೆ ಇರಲಿ. ಮತ್ತೆ ಟ್ಯಾಗೋರ್ ಕಡಲತೀರದಲ್ಲಿ ಫೋಟೋ ಬೇಕಾದರೆ ಬೈಕು ರಸ್ತೆಯಲ್ಲೇ ನಿಲ್ಲಲಿ, ನೀವು ಉಸುಕಿಗೆ ಇಳಿಯಿರಿ.

ಪ್ರಶ್ನೆ: ಯಲ್ಲಾಪುರದಿಂದ. ಮಗನಿಗೆ ಹೊಸ ಬೈಕು ಕೊಡಿಸಿದೆ. ಐದು ವರ್ಷದ ವಿಮೆ ಆಗಿದೆ ಅಂದರು. ಇನ್ನು ಐದು ವರ್ಷ ಏನೂ ಕಟ್ಟುವುದು ಬೇಡವಲ್ಲ?

ಉತ್ತರ: ಬೇಕು ಅಕ್ಕ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ್ದು ಕಡ್ಡಾಯ ಆಗಿರುವುದು ಥರ್ಡ್ ಪಾರ್ಟಿ ಮಾತ್ರ. ಅಂದರೆ ನಿಮ್ಮ ಬೈಕಿನಿಂದ ಬೇರೆಯವರಿಗೆ ಆದ ಹಾನಿಗೆ. ನಿಮ್ಮ ಬೈಕಿಗೇ ಏನಾದರೂ ಆದರೆ, ಕಳವಾದರೆ, ಅದಕ್ಕೆ ಬೇರೆ ಭಾಗ ಇದೆ, ಓನ್ ಡ್ಯಾಮೇಜ್ ಅಂತ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಲಿಸಿ ಕಾಗದದಲ್ಲಿ ಎರಡು ತಾರೀಕು ಇರುತ್ತವೆ, ಮಗನ ಕೈಲಿ ಓದಿಸಿ. ನೆರೆ, ಗುಡ್ಡ ಕುಸಿತ ಎಲ್ಲ ಆ ಎರಡನೇ ಭಾಗಕ್ಕೆ ಸೇರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದದ್ದನ್ನು ನೋಡಿದ ಮೇಲೆ, ನಮ್ಮ ಜಿಲ್ಲೆಯಲ್ಲಿ ಅದನ್ನು ತಪ್ಪಿಸುವುದು ಬೇಡ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಸಿದ್ದಾಪುರದಿಂದ. ಹೊಸ ಬೈಕಿನ ಸದ್ದು ಸಪ್ಪೆ. ಸೈಲೆನ್ಸರ್ ಬದಲಿಸಲಾ?

ಉತ್ತರ: ಬೇಡ. ಪೊಲೀಸರು ದಂಡ ಹಾಕುತ್ತಾರೆ, ವಾರಂಟಿಗೂ ತಕರಾರು ಬರುತ್ತದೆ. ಅದಕ್ಕಿಂತ ಮೊದಲು ನಿಮ್ಮ ಕೇರಿಯವರೇ ನನಗೆ ಪತ್ರ ಬರೆಯುತ್ತಾರೆ.