ಡೆಸ್ಕ್‌ಟಾಪ್ ಖಾಲಿಯಾಯಿತೆಂದು ಫಾರ್ಮ್ಯಾಟ್‌ಗೆ ಒಪ್ಪಬೇಡಿ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ವಿಂಡೋಸ್ 11 ಇರುವ ನನ್ನ ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ ಮೇಲೆ ಡೆಸ್ಕ್‌ಟಾಪಿನಲ್ಲಿದ್ದ ಕಡತಗಳೆಲ್ಲ ಕಾಣೆಯಾಗಿವೆ. ಹಿನ್ನೆಲೆಗೆ ಹಾಕಿಕೊಂಡಿದ್ದ ಚಿತ್ರವೂ ಬದಲಾಗಿದೆ, ಬ್ರೌಸರ್‌ನ ಬುಕ್‌ಮಾರ್ಕ್‌ಗಳೂ ಇಲ್ಲ. ‘ನುಡಿ’ಯಲ್ಲಿ ಟೈಪ್ ಮಾಡಿದ್ದ ಹಲವು ವರ್ಷಗಳ ಪಾಠ ಟಿಪ್ಪಣಿಗಳು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಇದಾದ ಮೇಲೆ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳನ್ನು ಅದೇ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದೇನೆ. ರಿಪೇರಿ ಅಂಗಡಿಯವರು ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ, ಅದು ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸಿಬಿಡುತ್ತದೆ. ನಿಮ್ಮ ಟಿಪ್ಪಣಿಗಳು ಅದೇ ಲ್ಯಾಪ್‌ಟಾಪಿನಲ್ಲಿ ಇರುವ ಸಾಧ್ಯತೆ ಬಹಳ ಹೆಚ್ಚು. ಆದರೆ ಹೊಸ ಪ್ರಶ್ನೆಪತ್ರಿಕೆಗಳು ಅಪಾಯದಲ್ಲಿವೆ. ಸೈನ್ ಔಟ್ ಮಾಡುವ ಅಥವಾ ಯಂತ್ರವನ್ನು ಆರಿಸುವ ಮೊದಲೇ ಅವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ವಿಷಯ ತುರ್ತಿನದಾದ್ದರಿಂದ ಇಷ್ಟನ್ನು ನಿಮಗೆ ಇ-ಮೇಲ್ ಮೂಲಕ ಆಗಲೇ ತಿಳಿಸಿದ್ದೇವೆ. ಕಾರಣವನ್ನು ಎಲ್ಲ ಓದುಗರಿಗೂ ಅನುಕೂಲವಾಗಲೆಂದು ಇಲ್ಲಿ ವಿವರಿಸುತ್ತೇವೆ.

ಡೆಸ್ಕ್‌ಟಾಪ್ ಎಂದು ನಾವು ಕರೆಯುವುದು ವಾಸ್ತವವಾಗಿ ಒಂದು ಫೋಲ್ಡರ್. ಸಿ ಡ್ರೈವ್‌ನ ‘ಯೂಸರ್ಸ್’ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನದೊಂದು ಫೋಲ್ಡರ್ ಇರುತ್ತದೆ, ಅದರೊಳಗೆ ‘ಡೆಸ್ಕ್‌ಟಾಪ್’ ಇರುತ್ತದೆ. ಪರದೆಯ ಮೇಲೆ ಕಾಣುವುದು ಅದರಲ್ಲಿರುವ ಕಡತಗಳೇ. ಚಿಹ್ನೆಗಳು ಮಾತ್ರ ಮರೆಯಾಗಿದ್ದರೆ ಪರಿಹಾರ ಸುಲಭ: ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ವ್ಯೂ’ ಪಟ್ಟಿಯಲ್ಲಿ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಸಾಕು. ನಿಮ್ಮದು ಆ ಬಗೆಯದಲ್ಲ, ಏಕೆಂದರೆ ಆಗ ಹಿನ್ನೆಲೆ ಚಿತ್ರವಾಗಲಿ ಬುಕ್‌ಮಾರ್ಕ್‌ಗಳಾಗಲಿ ಬದಲಾಗುತ್ತಿರಲಿಲ್ಲ. ಮೂರೂ ಒಟ್ಟಿಗೆ ಹೋಗಿರುವುದನ್ನು ನೋಡಿದರೆ ನೀವು ಈಗ ಕೆಲಸ ಮಾಡುತ್ತಿರುವುದು ತಾತ್ಕಾಲಿಕ ಪ್ರೊಫೈಲ್‌ನಲ್ಲಿ (ಪ್ರೊಫೈಲ್ ಎಂದರೆ ಒಬ್ಬ ಬಳಕೆದಾರರ ಕಡತಗಳು ಮತ್ತು ಸೆಟ್ಟಿಂಗ್‌ಗಳ ಗುಂಪು) ಎಂಬುದು ಬಹುತೇಕ ಖಚಿತ.

ಸೈನ್ ಇನ್ ಆಗುವ ಹೊತ್ತಿನಲ್ಲಿ ಬಳಕೆದಾರರ ಸೆಟ್ಟಿಂಗ್‌ಗಳಿರುವ ಕಡತವನ್ನು ವಿಂಡೋಸ್ ತೆರೆಯಲಾಗದೆ ಹೋದರೆ, ಅಂದರೆ ಆ ಕಡತ ಕೆಟ್ಟಿದ್ದರೆ ಅಥವಾ ಆಂಟಿವೈರಸ್‌ನಂತಹ ಬೇರೊಂದು ತಂತ್ರಾಂಶ ಅದನ್ನು ಹಿಡಿದಿಟ್ಟುಕೊಂಡಿದ್ದರೆ, ವಿಂಡೋಸ್ ‘ಟೆಂಪ್’ ಹೆಸರಿನ ಹೊಸ ಫೋಲ್ಡರ್ ಸೃಷ್ಟಿಸಿ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಹಳೆಯ ಫೋಲ್ಡರ್ ಇದ್ದಲ್ಲಿಯೇ ಇರುತ್ತದೆ. ಸೈನ್ ಔಟ್ ಮಾಡಿದ ಕೂಡಲೇ ಅಳಿದುಹೋಗುವುದು ತಾತ್ಕಾಲಿಕ ಫೋಲ್ಡರ್‌ನಲ್ಲಿ ಇಟ್ಟದ್ದು ಮಾತ್ರ. 2020ರ ಫೆಬ್ರುವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟ್‌ನ ನಂತರವೂ ಹಲವರು ಇದೇ ರೀತಿ ಗಾಬರಿಗೊಂಡಿದ್ದರು. ಖಚಿತಪಡಿಸಿಕೊಳ್ಳಲು ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯಲ್ಲಿರುವ ‘ಡೆಸ್ಕ್‌ಟಾಪ್’ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನ ‘ಲೊಕೇಶನ್’ ಭಾಗವನ್ನು ನೋಡಿ. ಅಲ್ಲಿನ ವಿಳಾಸದಲ್ಲಿ ನಿಮ್ಮ ಹೆಸರಿನ ಬದಲು ‘ಟೆಂಪ್’ ಎಂದಿದ್ದರೆ ಅನುಮಾನವೇ ಬೇಡ.

ಈಗ ಸಿ ಡ್ರೈವ್‌ನ ‘ಯೂಸರ್ಸ್’ಗೆ ಹೋಗಿ ನಿಮ್ಮ ಹೆಸರಿನ ಫೋಲ್ಡರ್ ತೆರೆಯಿರಿ. ಅನುಮತಿಯಿಲ್ಲ ಎಂಬ ಸಂದೇಶ ಬಂದರೆ ‘ಕಂಟಿನ್ಯೂ’ ಒತ್ತಿ. ನಿಮ್ಮ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿದ್ದರೆ ಅದು ತೆರೆದುಕೊಳ್ಳುತ್ತದೆ. ಒಳಗಿನ ‘ಡೆಸ್ಕ್‌ಟಾಪ್’, ‘ಡಾಕ್ಯುಮೆಂಟ್ಸ್’ ಫೋಲ್ಡರ್‌ಗಳನ್ನು ಪೂರ್ತಿಯಾಗಿ ಹೊರಗಿನ ಡ್ರೈವ್‌ಗೆ ನಕಲು ಮಾಡಿ. ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ಅದಾದ ಬಳಿಕ ಒಂದೆರಡು ಬಾರಿ ರೀಸ್ಟಾರ್ಟ್ ಮಾಡಿ ನೋಡಿ. ಆಂಟಿವೈರಸ್‌ನಿಂದ ಆದ ತೊಂದರೆಯಾಗಿದ್ದರೆ ಹಳೆಯ ಪ್ರೊಫೈಲ್ ತಾನಾಗಿ ಮರಳಬಹುದು. ಮರಳದಿದ್ದರೆ ಹೊಸ ಬಳಕೆದಾರ ಖಾತೆ ತೆರೆದು ಕಡತಗಳನ್ನು ಅಲ್ಲಿಗೆ ತಂದುಕೊಳ್ಳುವುದೇ ಉತ್ತಮ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ತಿದ್ದಿ ಹಳೆಯ ಪ್ರೊಫೈಲನ್ನು ಸರಿಪಡಿಸುವ ವಿಧಾನವೂ ಇದೆಯಾದರೂ, ಅಲ್ಲಿ ಒಂದು ತಪ್ಪಾದರೆ ಬೇರೆ ತೊಂದರೆಗಳು ಹುಟ್ಟುವುದರಿಂದ ಅದನ್ನು ಬಲ್ಲವರಿಗೇ ಬಿಡಬೇಕು.

ಹುಡುಕಿದರೂ ಸಿಗದಿದ್ದುದಕ್ಕೆ ಎರಡು ಕಾರಣಗಳಿರಬಹುದು. ತಾತ್ಕಾಲಿಕ ಪ್ರೊಫೈಲ್‌ನಿಂದ ಮಾಡಿದ ಹುಡುಕಾಟ ಹಳೆಯ ಫೋಲ್ಡರ್‌ನ ಒಳಗೆ ಹೋಗದೇ ಇರಬಹುದು. ಇದಲ್ಲದೆ, ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರ್‌ನ ಮಟ್ಟಿಗೆ ಅದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನ ಕನ್ನಡದಲ್ಲಿ ಪದ ಕೊಟ್ಟು ಹುಡುಕಿದರೆ ಅದು ಹೊಂದಿಕೆಯಾಗುವುದಿಲ್ಲ. ಆದ್ದರಿಂದ ಒಳಗಿನ ಪದಗಳಿಂದಲ್ಲ, ಕಡತದ ಹೆಸರಿನಿಂದ ಅಥವಾ ಹೆಸರಿನ ಕೊನೆಗೆ ಬರುವ ‘ಡಾಕ್ಸ್’ನಂತಹ ವಿಸ್ತರಣೆಯಿಂದ ಹುಡುಕಿ.

ಫಾರ್ಮ್ಯಾಟ್ ಬೇಡವೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ಹಾರ್ಡ್‌ಡಿಸ್ಕ್ ಬದಲು ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಎಸ್‌ಎಸ್‌ಡಿ ಇರುತ್ತದೆ. ಅಳಿಸಿದ ಜಾಗವನ್ನು ಸ್ವಚ್ಛಗೊಳಿಸುವ ‘ಟ್ರಿಮ್’ ಎಂಬ ವ್ಯವಸ್ಥೆ ಅದರಲ್ಲಿರುವುದರಿಂದ, ಹಳೆಯ ಹಾರ್ಡ್‌ಡಿಸ್ಕ್‌ಗಳಲ್ಲಿ ಸಾಧ್ಯವಾಗುತ್ತಿದ್ದ ಮರುಪಡೆಯುವಿಕೆ ಇಲ್ಲಿ ಸಾಮಾನ್ಯವಾಗಿ ಸಾಧ್ಯವಾಗದು. ಅಂಗಡಿಗೆ ಕೊಡಲೇಬೇಕಾದರೆ ‘ಡೇಟಾ ತೆಗೆದುಕೊಟ್ಟ ನಂತರವೇ ಮುಂದಿನ ಕೆಲಸ’ ಎಂದು ಬರೆಸಿಕೊಂಡು ಕೊಡಿ.

ಪ್ರಶ್ನೆ: ಮೈಕ್ರೋಸಾಫ್ಟ್‌ನ ಅಂತರಜಾಲ ಸಂಗ್ರಹ ಸೇವೆಯಾದ ಒನ್‌ಡ್ರೈವ್ ಭರ್ತಿಯಾಗಿದೆ ಎಂಬ ಸಂದೇಶ ಪದೇ ಪದೇ ಬರುತ್ತಿದ್ದುದರಿಂದ ಅದರ ಬ್ಯಾಕಪ್ ನಿಲ್ಲಿಸಿದೆ. ತಕ್ಷಣ ಡೆಸ್ಕ್‌ಟಾಪ್ ಬರಿದಾಯಿತು. ಕಡತಗಳು ಎಲ್ಲಿ ಹೋದವು?
– ಓದುಗರು, ಧಾರವಾಡ

ಉತ್ತರ: ಒನ್‌ಡ್ರೈವ್ ಬ್ಯಾಕಪ್ ಚಾಲೂ ಇರುವಾಗ ನಿಮ್ಮ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಫೋಲ್ಡರ್‌ನ ಒಳಕ್ಕೆ ಸ್ಥಳಾಂತರವಾಗಿರುತ್ತದೆ. ಅದನ್ನು ನಿಲ್ಲಿಸಿದಾಗ ಪರದೆ ಮತ್ತೆ ಹಳೆಯ, ಖಾಲಿ ಫೋಲ್ಡರ್ ಅನ್ನು ತೋರಿಸುತ್ತದೆ. ಕಡತಗಳು ಒನ್‌ಡ್ರೈವ್‌ನ ‘ಡೆಸ್ಕ್‌ಟಾಪ್’ನಲ್ಲಿಯೇ ಉಳಿಯುತ್ತವೆ. ಅಲ್ಲಿಗೆ ಹೋಗಿ, ಮೋಡದ ಗುರುತು ಇರುವ ಕಡತಗಳ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆಯ್ಕೆಮಾಡಿ. ಮೋಡದ ಗುರುತಿನ ಅರ್ಥ ಆ ಕಡತ ಸದ್ಯಕ್ಕೆ ಅಂತರಜಾಲದಲ್ಲಿ ಮಾತ್ರ ಇದೆ ಎಂಬುದು. ಅವು ಪೂರ್ತಿಯಾಗಿ ಇಳಿದ ಬಳಿಕ ಡೆಸ್ಕ್‌ಟಾಪಿಗೆ ನಕಲು ಮಾಡಿ, ಒಂದೊಂದನ್ನೂ ತೆರೆದು ನೋಡಿ, ನಂತರವಷ್ಟೇ ಒನ್‌ಡ್ರೈವ್‌ನಿಂದ ಅಳಿಸಿ. ಉಚಿತ ಖಾತೆಯ ಮಿತಿ 5 ಜಿಬಿ ಆದ್ದರಿಂದ ಜಾಗ ಮಾಡಲು ಹಲವರು ಆತುರದಲ್ಲಿ ಅಲ್ಲಿಯ ಕಡತಗಳನ್ನು ಅಳಿಸುತ್ತಾರೆ. ಸಿಂಕ್ (ಕಂಪ್ಯೂಟರ್ ಮತ್ತು ಒನ್‌ಡ್ರೈವ್ ಎರಡನ್ನೂ ಒಂದೇ ರೀತಿ ಇಡುವ ವ್ಯವಸ್ಥೆ) ಇರುವವರೆಗೆ ಒಂದು ಕಡೆ ಅಳಿಸಿದ್ದು ಎರಡೂ ಕಡೆ ಹೋಗುತ್ತದೆ. ಹಾಗೆ ಈಗಾಗಲೇ ಅಳಿಸಿಬಿಟ್ಟಿದ್ದರೆ ಬ್ರೌಸರ್‌ನಲ್ಲಿ ಒನ್‌ಡ್ರೈವ್ ಜಾಲತಾಣಕ್ಕೆ ಹೋಗಿ ‘ರಿಸೈಕಲ್ ಬಿನ್’ ತೆರೆಯಿರಿ. ವೈಯಕ್ತಿಕ ಖಾತೆಗಳಲ್ಲಿ ಅಳಿಸಿದ ಕಡತ ಸಾಮಾನ್ಯವಾಗಿ 30 ದಿನಗಳವರೆಗೆ ಅಲ್ಲಿರುತ್ತದೆ. ಆದರೆ ಖಾತೆ ಭರ್ತಿಯಾಗಿರುವಾಗ ಆ ಅವಧಿಯನ್ನೇ ನಂಬಿಕೊಂಡು ಕೂರದೆ ಇಂದೇ ನೋಡುವುದು ಒಳ್ಳೆಯದು.