ಅರ್ಧ ಕಳೆದ ಮೇಲೆ ಕಾರಿನ ಖರ್ಚು ಮತ್ತೆ ಕಳೆಯಬಹುದಾ?

ರಿಟರ್ನ್ ತುಂಬುವ ಕಾಲ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಕಾರಿನದ್ದೇ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಎರಡು ಸಾಲು ಸಾಕು.

ಪ್ರಶ್ನೆ: ಡೊಂಬಿವಲಿಯಲ್ಲಿ ಇಂಟೀರಿಯರ್ ಡಿಸೈನರ್ ಆಗಿದ್ದೇನೆ. ವರ್ಷಕ್ಕೆ 32 ಲಕ್ಷ ಫೀಸು ಬರುತ್ತದೆ. 44ಎಡಿಎ (ಖರ್ಚಿನ ಲೆಕ್ಕಪುಸ್ತಕ ಇಡದೆ ಫೀಸಿನ ಅರ್ಧವನ್ನು ಆದಾಯ ಅಂತ ತೋರಿಸಲು ಬಿಡುವ ಆದಾಯ ತೆರಿಗೆ ಸೆಕ್ಷನ್) ಪ್ರಕಾರ ಅರ್ಧವನ್ನು ಆದಾಯ ಅಂತ ತೋರಿಸುತ್ತೇನೆ. ದೀಪಾವಳಿಗೆ 12 ಲಕ್ಷದ ಕಾರು ಕೊಂಡೆ. ಆ 16 ಲಕ್ಷದಿಂದ ಇಎಂಐ, ಪೆಟ್ರೋಲ್ ಎರಡನ್ನೂ ಕಳೆಯಬಹುದು ಎನ್ನುತ್ತಾರೆ ನಮ್ಮ ಏಜೆಂಟ್. ನಿಜಾನಾ ಸರ್?

ಉತ್ತರ: ಇಲ್ಲ. ಮೊದಲು ಆ ಏಜೆಂಟರನ್ನು ಬದಲಾಯಿಸಿ.

ನೀವು ಆದಾಯ ಅಂತ ತೋರಿಸದೆ ಬಿಟ್ಟ ಉಳಿದ 16 ಲಕ್ಷ ಇದೆಯಲ್ಲ, ಅದೇ ನಿಮ್ಮ ಖರ್ಚು. ಪೆಟ್ರೋಲ್, ಟೋಲ್, ಡ್ರೈವರ್ ಸಂಬಳ, ಕಾರಿನ ಸವಕಳಿ ಎಲ್ಲವೂ ಅದರೊಳಗೆ ಬಂತು. ಸವಕಳಿ ಬರೆಯದಿದ್ದರೂ ಬರೆದ ಹಾಗೆಯೇ ಲೆಕ್ಕ. ಅಂದರೆ ಕಾಗದದ ಮೇಲೆ ಕಾರಿನ ಬೆಲೆ ವರ್ಷವರ್ಷ ಇಳಿಯುತ್ತಲೇ ಹೋಗುತ್ತದೆ. ಮುಂದೊಂದು ದಿನ ನಿಜವಾದ ಖರ್ಚು ತೋರಿಸುವ ದಾರಿಗೆ ಹೋದಾಗ 12 ಲಕ್ಷದಿಂದ ಶುರು ಮಾಡಲು ಬರುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ಲೆಕ್ಕ ಬದಲಾಗಿಲ್ಲ.

ನಿಜವಾದ ಖರ್ಚು 16 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಪುಸ್ತಕ ಇಟ್ಟು, ಆಡಿಟ್ ಮಾಡಿಸಿ, ಒಂದೊಂದೇ ಖರ್ಚು ತೋರಿಸಬಹುದು. ಆಗ ಕಾರಿನಿಂದ ಎಷ್ಟು ಸಿಗುತ್ತದೆ ನೋಡಿ. ಸವಕಳಿ 15%, ಅಂದರೆ 1.8 ಲಕ್ಷ. ದೀಪಾವಳಿಗೆ ಕೊಂಡದ್ದರಿಂದ ಆ ವರ್ಷ ಬಳಕೆ 180 ದಿನಕ್ಕಿಂತ ಕಮ್ಮಿ, ಹಾಗಾಗಿ ಅರ್ಧ: 90,000. ಓಡಾಟದಲ್ಲಿ 60% ಮಾತ್ರ ಕೆಲಸದ್ದಾದರೆ ಕಳೆಯಲು ಸಿಗುವುದು 54,000. ಇಎಂಐಯಲ್ಲಿ ಅಸಲು ಖರ್ಚೇ ಅಲ್ಲ, ಬಡ್ಡಿ ಮಾತ್ರ, ಅದೂ 60%. ಇಷ್ಟಕ್ಕೆ ಆಡಿಟ್ ಫೀಸು ಕೊಡುತ್ತೀರಾ? ನಿಮ್ಮ ಜಾಗದಲ್ಲಿ ನಾನಿದ್ದರೆ ಸುಮ್ನೆ 44ಎಡಿಎಯಲ್ಲೇ ಇರುತ್ತಿದ್ದೆ.

ಆದರೂ ಆಡಿಟ್ ದಾರಿಗೇ ಹೋಗುತ್ತೇನೆ ಎಂದರೆ ಕಾರಿನಲ್ಲಿ ಒಂದು ಡೈರಿ ಇಡಿ. ತಾರೀಕು, ಹೊರಟಾಗ ಮತ್ತು ಬಂದಾಗ ಮೀಟರ್ ರೀಡಿಂಗ್, "ಪೊವಾಯಿ, ಕಿಚನ್ ಅಳತೆ" ಅಂತ ಒಂದು ಸಾಲು. ಅಟಲ್ ಸೇತು, ಸೀ ಲಿಂಕ್ ಟೋಲಿಗೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಡೈರಿಗೆ ತಾಳೆ ಹಾಕಿ. ಡೈರಿ ಇಲ್ಲದಿದ್ದರೆ ಅಧಿಕಾರಿ ಸ್ವಂತ ಬಳಕೆ ಅಂತ ಒಂದು ಪಾಲನ್ನು ಅಂದಾಜಿನ ಮೇಲೆ ಕತ್ತರಿಸುತ್ತಾರೆ. ಗ್ಯಾರೇಜಿಗೆ ಒಂದೇ ದಿನ 10,000 ದಾಟಿ ನಗದು ಕೊಟ್ಟರೆ ಆ ಖರ್ಚು ಪೂರ್ತಿ ಹೋಯಿತು. ಇನ್ನು ಸ್ಟೇಷನ್ ಹೊರಗೆ ಪೆಟ್ರೋಲ್ ಬಿಲ್ "ಹೊಂದಿಸಿ" ಕೊಡುವವರು ಇದ್ದಾರೆ. ನೋಟಿಸ್ ಬಂದಾಗ ಅವರ ಫೋನ್ ಸ್ವಿಚ್ ಆಫ್, ಸಹಿ ನಿಮ್ಮದು.

ಪ್ರಶ್ನೆ: ಹೊಸ ತೆರಿಗೆ ಪದ್ಧತಿಯಲ್ಲಿ ವಾಹನದ ಖರ್ಚು ಕಳೆಯುವಂತಿಲ್ಲವಂತೆ?

ಉತ್ತರ: ವಾಟ್ಸಾಪ್ ಓದಿ ತೆರಿಗೆ ಕಲಿಯಬೇಡಿ. ಹೋದದ್ದು ವಿಮೆ, ಪಿಎಫ್ ಮೇಲಿನ 80ಸಿ ಥರದ ಕಡಿತಗಳು. ವ್ಯವಹಾರದ ಖರ್ಚು ಹಳೆಯದು, ಹೊಸದು ಎರಡರಲ್ಲೂ ಇದೆ.

ಪ್ರಶ್ನೆ: ಸೈಟಿಗೆ ಹೋಗುವಾಗ ಬಿದ್ದ ಇ-ಚಲನ್ ದಂಡ?

ಉತ್ತರ: ಸಿಗುವುದಿಲ್ಲ. ದಂಡ ನಿಮ್ಮ ಜೇಬಿನದ್ದು.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮ ಉಡುಪಿ ಹೋಟೆಲ್ ಇದೆ. ಕಾರಿಗೆ ಕೊಟ್ಟ ಜಿಎಸ್‌ಟಿ ವಾಪಸ್ ಸಿಗುತ್ತದಾ?

ಉತ್ತರ: ಟ್ಯಾಕ್ಸಿ ಓಡಿಸುವವರಲ್ಲಿ ಕೆಲವರಿಗೆ, ಡ್ರೈವಿಂಗ್ ಸ್ಕೂಲಿನವರಿಗೆ ಸಿಗುತ್ತದೆ. 5% ಜಿಎಸ್‌ಟಿ ಹಾಕುವ ನಿಮ್ಮ ಹೋಟೆಲಿಗೆ ಗ್ಯಾಸ್ ಸಿಲಿಂಡರ್ ಮೇಲೆ ಕೊಟ್ಟ ಜಿಎಸ್‌ಟಿಯೇ ವಾಪಸ್ ಇಲ್ಲ, ಶೆಟ್ರೇ. ಕಾರಿನದ್ದು ಎಲ್ಲಿಂದ ಬರಬೇಕು?