ಸೂಟು ಹಾಕ್ಕೊಂಡ ಚಿಂಪಾಂಜಿ: ನೀವು ಕೇಳಿದ ಸಿನಿಮಾ ‘ಲಿಂಕ್’
ನಮಸ್ಕಾರ ಸರ್. ಸಣ್ಣವರಿದ್ದಾಗ ಕೇಬಲ್ಲಿನಾಗ ನೋಡಿದ್ದು, ಸೂಟು ಹಾಕ್ಕೊಂಡ ಮುದಿ ಚಿಂಪಾಂಜಿ, ಸಮುದ್ರದ ದಂಡಿಮ್ಯಾಲೆ ಒಂಟಿ ಮನಿ, ಪ್ರೊಫೆಸರ್ ಕಾಣೆ ಆಗ್ತಾನ ಅಂತ ಬರದೀರಿ. ಅದು 1986ರ ‘ಲಿಂಕ್’. ನಿರ್ದೇಶಕ ರಿಚರ್ಡ್ ಫ್ರಾಂಕ್ಲಿನ್. ಪ್ರೊಫೆಸರ್ ಪಾತ್ರದಾಗ ಟೆರೆನ್ಸ್ ಸ್ಟಾಂಪ್, ಅವನ ಮನಿಗೆ ಕೆಲಸಕ್ಕ ಬರೂ ವಿದ್ಯಾರ್ಥಿನಿ ಪಾತ್ರದಾಗ ಎಲಿಜಬೆತ್ ಶೂ.

“ಅದು ಖರೇನ ಚಿಂಪಾಂಜಿ ಏನು?” ಅಂತ ಕೇಳೀರಿ. ಅಲ್ಲ ನೋಡ್ರಿ, ಒರಾಂಗುಟಾನ್! ಅದರ ಕೆಂಪು ಕೂದಲಕ್ಕ ಗಾಢ ಬಣ್ಣ ಹಚ್ಚಿ ಚಿಂಪಾಂಜಿ ಮಾಡ್ಯಾರ. ಚಿಂಪಾಂಜಿ ಆಫ್ರಿಕಾದ್ದು, ಒರಾಂಗುಟಾನ್ ಬೋರ್ನಿಯೊ, ಸುಮಾತ್ರಾ ಕಾಡಿನದು. ಇದು ಗೊತ್ತಾದ ಮ್ಯಾಲೂ ನನ್ನ ಹೆದರಿಕಿ ಕಡಿಮಿ ಆಗಲಿಲ್ಲ.

ನಾ ಬಾದಾಮಿಯಾಂವ. ಮೇಣಬಸದಿ (ಇಲ್ಲಿನ ಗುಹಾ ದೇವಾಲಯ) ಮೆಟ್ಟಲಾ ಹತ್ತೂ ಮುಂದ ಮಂಗ್ಯಾಗಳು ಮಂದಿ ಕೈಯಾಗಿನ ಚೀಲಾ ಕಸಗೊಂಡು ಓಡೂದು ದಿನಾ ನೋಡ್ತೀನಿ. ಅದು ಹೊಟ್ಟಿ ಹಸಿವು, ಅದರಾಗ ಹಗೆ ಇಲ್ಲ. ಸಿನಿಮಾದಾಗಿನ ಚಿಂಪಾಂಜಿ ಲಿಂಕ್ ಹಂಗಲ್ಲ. ಸರ್ಕಸ್ಸಿನಾಗ ದುಡದು ಮುದಿ ಆಗೇತಿ. ಬಾಗಲಾ ತೆಗಿಯೂದು, ಸಿಗಾರ್ ಹಚ್ಚೂದು ಎಲ್ಲಾ ಮನಶ್ಯಾನ ಕಲಿಸಿದ್ದು. ಸಾಕಿದಾಂವನ ತನ್ನ ಕೊಲ್ಲಾಕ ಹೊಂಟಾನ ಅಂದಾಗ ತಿರುಗಿ ಬೀಳತೈತಿ. ಅದರ ಮ್ಯಾಲೆ ನನಗ ಸಿಟ್ಟಿಗಿಂತ ಕನಿಕರಾನ ಹೆಚ್ಚು. ಖರೇ ಚಿಂಪಾಂಜಿ ಸ್ನಾಯುವಿನ ಬಲಾನೂ ನಮಗಿಂತ ಸುಮಾರು ಒಂದೂವರೆ ಪಟ್ಟು ಇರತೈತಿ, ಹಂಗಾಗಿ ಕೈಕೈ ಮಿಲಾಯಿಸೂ ದೃಶ್ಯ ಸುಳ್ಳು ಅನಸೂದಿಲ್ಲ.

ಆರನೇತ್ತೆ ಓದೂ ನಿಮ್ಮ ಮಗಳಿಗೆ ಈಗ ತೋರಸಬ್ಯಾಡ್ರಿ. ಕೊಲೆ ಅದಾವು, ಜಳಕದ ಮನಿ ದೃಶ್ಯಾನೂ ಒಂದೈತಿ. ಮೊದಲ ನೀವೊಬ್ಬರ ಕುಂತು ನೋಡ್ರಿ, ರಾತ್ರಿ ಮಾತ್ರ ಬ್ಯಾಡ.